ಹೊಸ ಗಂಡು ಮುಸ್ಯಾ ಬಂದ ಮೇಲೆ ಮರಿಗಳು ಕಾಣೆ. ಯಾಕೆ ಹೀಗೆ?

ಹಿತ್ತಲಮಾವು

ನಮ್ಮ ಮನೆ ಧಾರವಾಡದ ಹೊರಗಿದೆ. ಎಷ್ಟೋ ವರ್ಷದಿಂದ ಹಿತ್ತಲಿಗೆ ಮುಸ್ಯಾಗಳ (ಕಪ್ಪು ಮುಖದ, ಉದ್ದ ಬಾಲದ ಮಂಗಗಳು) ಒಂದೇ ಗುಂಪು ಬರುತ್ತೆ. ಒಂದು ದೊಡ್ಡ ಗಂಡು, ಹತ್ತು-ಹನ್ನೆರಡು ಹೆಣ್ಣು, ಅವುಗಳ ಮರಿಗಳು. ನಾವು ಬಯ್ಯುತ್ತೇವೆ, ಅವು ಹುಣಸೆ ಚಿಗುರು ತಿಂದು ಹೋಗುತ್ತವೆ. ಹೀಗೇ ನಡೆದಿತ್ತು.

ಮೂರು ವಾರದ ಕೆಳಗೆ ಎರಡು ದಿನ ಭಾರೀ ಗಲಾಟೆ. ಹೆಂಚಿನ ಮೇಲೆಲ್ಲ ಓಡಾಟ, ಕಿರುಚಾಟ. ಹೊರಗಿನಿಂದ ನಾಲ್ಕೈದು ಗಂಡುಗಳು ಬಂದಿದ್ದವು. ಹಳೇ ಗಂಡಿನ ತೊಡೆ ಸೀಳಿತ್ತು, ಆಮೇಲೆ ಅದು ಕಾಣಲೇ ಇಲ್ಲ. ಬಂದವುಗಳಲ್ಲಿ ಒಂದು ಮಿಕ್ಕವನ್ನೂ ಓಡಿಸಿ ತಾನೇ ಉಳಿದುಕೊಂಡಿತು. ಆಗ ಐದು ಎಳೆ ಮರಿಗಳಿದ್ದವು, ಈಗ ಎರಡು. ಒಂದನ್ನು ಆ ಗಂಡು ತಾಯಿಯ ಎದೆಯಿಂದ ಕಿತ್ತು ಕಚ್ಚಿದ್ದನ್ನು ನಾನೇ ನೋಡಿದೆ. ಸತ್ತ ಮರಿಯನ್ನು ತಾಯಿ ಎರಡು ದಿನ ಹೊತ್ತುಕೊಂಡೇ ತಿರುಗಿತು. "ಹನುಮಪ್ಪನ ಕುಲಕ್ಕ ಇದೆಂಥಾ ಬುದ್ಧಿ ಬಂತೋ" ಅಂತ ನಮ್ಮ ಅಜ್ಜಿ ಅವತ್ತು ಊಟಾನೇ ಮಾಡಲಿಲ್ಲ.

ನನಗೆ ಅರ್ಥವಾಗದ್ದು ಇದು. ಇದೇ ಗುಂಪಿನಲ್ಲಿ ಮರಿ ಹುಟ್ಟಿದ ದಿನವೇ ಹೆಣ್ಣುಗಳೆಲ್ಲ ಕೈಯಿಂದ ಕೈಗೆ ದಾಟಿಸಿ ಎತ್ತಾಡುತ್ತವೆ. ಹೆತ್ತ ತಾಯಿ ಆರಾಮಾಗಿ ಎಲೆ ತಿನ್ನುತ್ತಾ ಕೂತಿರುತ್ತೆ. ನಮ್ಮ ಮನೆಯ ನಾಮಕರಣದಲ್ಲಿ ಕೂಸು ಓಡಾಡುವ ಹಾಗೆ. ಒಂದೇ ಮರದ ಮೇಲೆ ಇಷ್ಟು ಅಕ್ಕರೆ, ಇಷ್ಟು ಕ್ರೌರ್ಯ. ವಿಕಾಸ ಅನ್ನೋದು ಎರಡನ್ನೂ ಹೇಗೆ ಮಾಡಿತು? ತಿಳಿದವರು ಹೇಳಿ.

ಒಗ್ಗರಣೆಡಬ್ಬಿ

ಸಂಖ್ಯೆ ಜಾಸ್ತಿ ಆಗಬಾರದು ಅಂತ ಪ್ರಕೃತಿ ಮಾಡಿಕೊಂಡ ಏರ್ಪಾಡು. ಎಲ್ಲವೂ ಉಳಿದರೆ ತಿನ್ನಲು ಸಿಗಲ್ಲ. ಜಾತಿ ಉಳಿಯಲಿ ಅಂತ ಕೆಲವು ಸಾಯಬೇಕು ಅಷ್ಟೇ.

ಮಾಜಿಮೇಷ್ಟ್ರು

ಹಿತ್ತಲಮಾವು ಅವರೇ, ನೀವು ಕೂತಿರುವ ಜಾಗವೇ ಈ ಪ್ರಶ್ನೆಯ ತವರು. ಸುಮ್ನೆ ಹೇಳುತ್ತಿಲ್ಲ. 1961ರಿಂದ 63ರವರೆಗೆ ಯುಕಿಮಾರು ಸುಗಿಯಾಮ ಅನ್ನುವ ಜಪಾನಿನ ವಿಜ್ಞಾನಿ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸ್ಯಾಗಳ ಹಿಂದೆ ಬಿದ್ದಿದ್ದರು. ನೀವು ಬರೆದದ್ದನ್ನೇ ಅವರೂ ಕಂಡರು. ಹೊರಗಿನ ಗಂಡುಗಳ ದಾಳಿ, ಹಳೇ ಯಜಮಾನ ಹೊರಗೆ, ಬಂದವರಲ್ಲಿ ಒಬ್ಬ ಮಾತ್ರ ಉಳಿದದ್ದು, ಆಮೇಲೆ ಮರಿಗಳ ಸಾವು. ಅದನ್ನು 1965ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ನಂಬಲಿಲ್ಲ. ಇಲ್ಲವೇ "ಜನ ಕಾಟ ಕೊಟ್ಟು ಮಂಗಗಳ ತಲೆ ಕೆಟ್ಟಿದೆ" ಅಂದರು.

ಈಗ ಒಗ್ಗರಣೆಡಬ್ಬಿಯವರ ಮಾತು. ಒಂದು ಕಾಲಕ್ಕೆ ದೊಡ್ಡ ವಿಜ್ಞಾನಿಗಳೇ ಹಾಗೆ ಯೋಚಿಸುತ್ತಿದ್ದರು, ಹಾಗಾಗಿ ಬೇಜಾರು ಬೇಡ. ವಿನ್-ಎಡ್ವರ್ಡ್ಸ್ ಅನ್ನುವವರು 1962ರಲ್ಲಿ ಇದನ್ನೇ ದಪ್ಪ ಪುಸ್ತಕ ಮಾಡಿದರು. ತೊಂದರೆ ಎಲ್ಲಿ ಗೊತ್ತಾ? ಜಾತಿಯ ಒಳಿತಿಗೆ ಅಂತಾದರೆ ಆ ಗಂಡು ಯಾವ ಮರಿಯನ್ನಾದರೂ ಕೊಲ್ಲಬೇಕಿತ್ತು. ಅದು ಕೊಲ್ಲುವುದು ಹಿಂದಿನ ಗಂಡಿಗೆ ಹುಟ್ಟಿದವನ್ನು ಮಾತ್ರ. ತನ್ನವನ್ನಲ್ಲ.

1971ರಲ್ಲಿ ಸಾರಾ ಹರ್ಡಿ ಅನ್ನುವ ಅಮೆರಿಕದ ವಿದ್ಯಾರ್ಥಿನಿ ರಾಜಸ್ಥಾನದ ಮೌಂಟ್ ಅಬುಗೆ ಬಂದಳು. ಒತ್ತೊತ್ತಾಗಿ ಬದುಕಿದರೆ ಮುಸ್ಯಾಗಳಿಗೆ ಹುಚ್ಚು ಹಿಡಿಯುತ್ತದಾ ಅಂತ ನೋಡುವುದು ಅವಳ ಉದ್ದೇಶ. ಆದರೆ ದಟ್ಟಣೆಗೂ ಕೊಲೆಗೂ ತಾಳೆ ಆಗಲಿಲ್ಲ. ತಾಳೆ ಆಗಿದ್ದು ಯಜಮಾನ ಬದಲಾಗುವುದಕ್ಕೆ. ಲೆಕ್ಕ ನೋಡಿ. ಹಾಲೂಡಿಸುವ ಹೆಣ್ಣು ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬೇಗ ಬರುತ್ತೆ. ಒಂದು ಗಂಡು ಗುಂಪನ್ನು ಹಿಡಿದಿಟ್ಟುಕೊಳ್ಳುವುದು ಸರಾಸರಿ ಎರಡು ವರ್ಷ ಚಿಲ್ಲರೆ. ಬೇರೆಯವನ ಮರಿ ಹಾಲು ಬಿಡಲಿ ಅಂತ ಕಾಯುತ್ತಾ ಕೂತರೆ ತನ್ನ ಮಕ್ಕಳು ಕಾಲೂರುವ ಮೊದಲೇ ಮುಂದಿನವನು ಬಂದಿರುತ್ತಾನೆ. ಕಾದ ಗಂಡಿಗೆ ಮಕ್ಕಳು ಕಮ್ಮಿ, ಕೊಂದ ಗಂಡಿಗೆ ಜಾಸ್ತಿ. ಮಕ್ಕಳಿಗೆ ಅಪ್ಪನ ಸ್ವಭಾವ ಬಂದರೆ ಮುಂದಿನ ತಲೆಮಾರಿನಲ್ಲಿ ಯಾರು ಹೆಚ್ಚಿರುತ್ತಾರೆ?

ಇದರಿಂದ ಮುಸ್ಯಾ ಜಾತಿಗೆ ನಯಾಪೈಸೆ ಲಾಭವಿಲ್ಲ. ನಷ್ಟವೇ. ಆದರೂ ನಡೆಯುತ್ತೆ.

ಕರೀಕಂಬಳಿ

ಮೇಷ್ಟ್ರೇ, ಮುಸ್ಯಾಗೆ ಇಷ್ಟೆಲ್ಲ ಲೆಕ್ಕ ಬರುತ್ತಾ? ಯಾವ ಮರಿ ಯಾರದು ಅಂತ ಅದಕ್ಕೆ ಹೇಗೆ ಗೊತ್ತು? ಇದೆಲ್ಲ ನಾವು ಕೂತು ಹೊಸೆದ ಕಥೆ ಅನಿಸುತ್ತೆ.

ಮಾಜಿಮೇಷ್ಟ್ರು

ಹಸಿವಾದಾಗ ನೀವು ಕ್ಯಾಲೊರಿ ಲೆಕ್ಕ ಹಾಕ್ತೀರಾ? ಅನ್ನದ ವಾಸನೆ ಬಂದರೆ ಬಾಯಲ್ಲಿ ನೀರು ಬರುತ್ತೆ, ಅಷ್ಟೇ ಅಲ್ವಾ. ಮುಸ್ಯಾಗೂ ಹಾಗೆ. ತಾನು ಕೂಡಿದ ಹೆಣ್ಣಿನ ಮರಿಯನ್ನು ಬಿಡು, ಗುರುತಿಲ್ಲದ ಹೆಣ್ಣಿನ ಮರಿಯನ್ನು ಅಟ್ಟು. ಇಷ್ಟು ಮಾತ್ರದ ಒರಟು ಗುರುತು ಸಾಕು. ಲೆಕ್ಕ ಹಾಕಿದ್ದು ಮುಸ್ಯಾ ಅಲ್ಲ, ಸಾವಿರಾರು ತಲೆಮಾರಿನ ಆಯ್ಕೆ.

ಇಂಥ ಒರಟು ಗುರುತಿಗೆ ಮೋಸ ಮಾಡಲೂಬಹುದು. ಕಾಗೆಯನ್ನೇ ನೋಡಿ. "ನನ್ನ ಗೂಡಿನಲ್ಲಿ ಬಾಯಿ ತೆರೆದದ್ದಕ್ಕೆ ತುತ್ತು ಕೊಡು" ಅನ್ನುವುದೇ ಅದಕ್ಕೆ ಗೊತ್ತಿರುವ ನಿಯಮ. ಕೋಗಿಲೆ ಅದೇ ಗೂಡಿನಲ್ಲಿ ಮೊಟ್ಟೆ ಇಟ್ಟು ಹಾಡಿಕೊಂಡಿರುತ್ತೆ.

ಸೋನೆಮಳೆ

ಕರೀಕಂಬಳಿಯವರ ಅನುಮಾನ ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಹರ್ಡಿ ಹೇಳಿದ್ದನ್ನು ಆಕೆಯ ಕ್ಷೇತ್ರದವರೇ ವರ್ಷಗಟ್ಟಲೆ ವಿರೋಧಿಸಿದರು. ನಿಜವಾಗಿ ಕಣ್ಣಾರೆ ಕಂಡ ಕೊಲೆಗಳು ಎಷ್ಟು, ಅಂದಾಜಿನವು ಎಷ್ಟು ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ. ಅದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1999ರಲ್ಲಿ. ದಕ್ಷಿಣ ನೇಪಾಳದ ರಾಮನಗರದಲ್ಲಿ ಕರೋಲಾ ಬೋರೀಸ್ ಮತ್ತು ಜೊತೆಯವರು ಮುಸ್ಯಾಗಳ ಡಿಎನ್‌ಎ ನೋಡಿದರು. ಮರಿಗಳ ಮೇಲೆ ಬಿದ್ದ ಗಂಡುಗಳು, ತಾವು ಮೇಲೆ ಬಿದ್ದ ಯಾವ ಮರಿಗೂ ಅಪ್ಪ ಆಗಿರಲಿಲ್ಲ. ಆ ಹೆಣ್ಣುಗಳು ಮುಂದೆ ಹೆತ್ತ ಮರಿಗಳಿಗೆ ಅಪ್ಪ ಆಗಿದ್ದವರು ಅವೇ ಆಗಿರಬಹುದು ಅನ್ನುವುದಕ್ಕೂ ಡಿಎನ್‌ಎ ಒತ್ತಾಸೆ ಕೊಟ್ಟಿತು. ಕಥೆ ಹೊಸೆದದ್ದಾಗಿದ್ದರೆ ಅಲ್ಲೇ ಬಿಚ್ಚಿಹೋಗುತ್ತಿತ್ತು.

ಮೇಷ್ಟ್ರು ಹೇಳದೇ ಬಿಟ್ಟ ಅರ್ಧ ಭಾಗವೂ ಇದೆ. ಹೆಣ್ಣುಗಳು ಸುಮ್ಮನೆ ಅಳುತ್ತಾ ಕೂರುವುದಿಲ್ಲ. ಆಗಲೇ ಬಸಿರಾಗಿರುವ ಹೆಣ್ಣೂ ಹೊಸ ಗಂಡಿನ ಜೊತೆ ಕೂಡುತ್ತೆ. ಮುಂದೆ ಮರಿ ಹುಟ್ಟಿದಾಗ "ಇದು ನಂದೇ ಇರಬಹುದು" ಅಂತ ಗಂಡು ಬಿಟ್ಟುಬಿಡಲಿ ಅಂತ. ಇನ್ನೂ ದೊಡ್ಡದು: ಅಬುನಲ್ಲಿ ಹರ್ಡಿ ಕಂಡ ಹಾಗೆ, ಮರಿಗಳಿಗಾಗಿ ಗಂಡಿನ ಮೇಲೆ ಏರಿಹೋಗುವುದರಲ್ಲಿ ಮುಂದೆ ಇದ್ದದ್ದು ಮುದಿ ಹೆಣ್ಣುಗಳು. ಹಲ್ಲು ಸವೆದವು, ಇನ್ನು ಹೆರುವ ಕಾಲ ಮುಗಿಯುತ್ತಾ ಬಂದವು. ಮರಿ ಅವುಗಳದ್ದಲ್ಲ. ಗಂಡು ಅವುಗಳಿಗಿಂತ ಎಷ್ಟೋ ದೊಡ್ಡದು.

ಹಿತ್ತಲಮಾವು

ಸೋನೆಮಳೆ ಮೇಡಂ, ಮೈ ಜುಮ್ಮೆಂದಿತು. ನಮ್ಮ ಗುಂಪಿನಲ್ಲೂ ಒಂದು ಮುದುಕಿ ಇದೆ, ಒಂದು ಕಿವಿ ಹರಿದದ್ದು. ಗಲಾಟೆ ದಿನ ಅದೇ ಜಾಸ್ತಿ ಹಲ್ಲು ಕಿರಿಯುತ್ತಿತ್ತು. ಆದರೆ ಅದು ಯಾಕೆ ಮೈಮೇಲೆ ಹಾಕಿಕೊಳ್ಳಬೇಕು? ತನ್ನ ಮರಿ ಅಲ್ವಲ್ಲ.

ಮಾಜಿಮೇಷ್ಟ್ರು

ತನ್ನ ಮರಿ ಅಲ್ಲ, ಮೊಮ್ಮಗು ಇರಬಹುದು. ಇಲ್ಲವೇ ತಂಗಿಯ ಮಗು. ಮುಸ್ಯಾಗಳಲ್ಲಿ ಗಂಡು ಬೆಳೆದ ಮೇಲೆ ಗುಂಪು ಬಿಡುತ್ತೆ. ಹೆಣ್ಣು ಹುಟ್ಟಿದ ಗುಂಪಿನಲ್ಲೇ ಸಾಯುತ್ತೆ. ಹಾಗಾಗಿ ನಿಮ್ಮ ಹುಣಸೆ ಮರದ ಮೇಲಿನ ಹೆಣ್ಣುಗಳೆಲ್ಲ ಅಕ್ಕ, ತಂಗಿ, ಚಿಕ್ಕಮ್ಮ, ಅಜ್ಜಿ. ತವರು ಬಿಡದ ಸಂಸಾರ.

ಇದನ್ನು ಲೆಕ್ಕಕ್ಕೆ ತಂದವರು ಬ್ರಿಟನ್ನಿನ ಡಬ್ಲ್ಯು. ಡಿ. ಹ್ಯಾಮಿಲ್ಟನ್, 1964ರಲ್ಲಿ. ನನ್ನ ಜೀನಿನ (ಹೆತ್ತವರಿಂದ ಮಕ್ಕಳಿಗೆ ಗುಣ ದಾಟಿಸುವ ತುಣುಕು) ಪ್ರತಿ ನನ್ನ ಮಕ್ಕಳಲ್ಲಿ ಅರ್ಧ. ಒಡಹುಟ್ಟಿದವರಲ್ಲೂ ಅರ್ಧ. ಮೊಮ್ಮಕ್ಕಳಲ್ಲಿ ಕಾಲು. ಚಿಕ್ಕಪ್ಪನ ಮಕ್ಕಳಲ್ಲಿ ಎಂಟನೇ ಒಂದು. ಉಪಕಾರದಿಂದ ನೆಂಟನಿಗೆ ಆದ ಲಾಭವನ್ನು ಈ ನೆಂಟಸ್ತಿಕೆಯ ಪಾಲಿನಿಂದ ಗುಣಿಸಿ. ಅದು ನನಗಾದ ನಷ್ಟಕ್ಕಿಂತ ಜಾಸ್ತಿ ಇದ್ದರೆ ಆ ಉಪಕಾರ ಮಾಡಿಸುವ ಜೀನ್ ಹಬ್ಬುತ್ತೆ. ಇಷ್ಟೇ ಸೂತ್ರ. ಇದಕ್ಕೂ ಮೊದಲೇ ಹಾಲ್ಡೇನ್ ಅನ್ನುವ ವಿಜ್ಞಾನಿ ಮಹಾನುಭಾವ "ಇಬ್ಬರು ತಮ್ಮಂದಿರಿಗಾಗಿಯೋ ಎಂಟು ಜನ ದಾಯಾದಿಗಳಿಗಾಗಿಯೋ ಆದರೆ ಪ್ರಾಣ ಕೊಡುತ್ತೇನೆ" ಅಂತ ತಮಾಷೆ ಮಾಡಿದ್ದರು ಅನ್ನುವ ಕಥೆ ಇದೆ. ಆ ಹಾಲ್ಡೇನ್ ಕೊನೆಗೆ ಭಾರತದ ಪ್ರಜೆಯಾಗಿ, 1964ರಲ್ಲೇ ಭುವನೇಶ್ವರದಲ್ಲಿ ತೀರಿಕೊಂಡರು.

ಮುದುಕಿಯ ಕಡೆಯಿಂದ ನೋಡಿ. ಇನ್ನು ಹೆರುವುದು ಕಮ್ಮಿ, ಹಾಗಾಗಿ ಕಳೆದುಕೊಳ್ಳುವುದೂ ಕಮ್ಮಿ. ಎಳೆ ವಯಸ್ಸಿನ ಹೆಣ್ಣು ಅದೇ ಜಗಳಕ್ಕೆ ಹೋಗಿ ಕೈ ಮುರಿದುಕೊಂಡರೆ ಮುಂದಿನ ನಾಲ್ಕೈದು ಮರಿಗಳಿಗೆ ಕುತ್ತು.

ಒಗ್ಗರಣೆಡಬ್ಬಿ

ಸರಿ ಒಪ್ಪಿದೆ, ಜಾತಿಯ ಒಳಿತಿನ ವಾದ ವಾಪಸ್ಸು. ಆದರೆ ಮರಿ ಎತ್ತಾಡುವುದೂ ಇದೇ ಲೆಕ್ಕನಾ? ಅದರಲ್ಲಾದರೂ ಸ್ವಲ್ಪ ಶುದ್ಧ ಪ್ರೀತಿ ಉಳಿಸಿ ಮೇಷ್ಟ್ರೇ.

ಸೋನೆಮಳೆ

ಅದನ್ನೂ ಕೆಡಿಸುತ್ತೇನೆ, ಕ್ಷಮಿಸಿ. ಜಾಸ್ತಿ ಎತ್ತಾಡುವುದು ಇನ್ನೂ ಹೆರದ ಹುಡುಗಿಯರು. ಅವಕ್ಕೆ ಅದು ಕಲಿಕೆ. ಹಲವು ಸಲ ತಲೆಕೆಳಗಾಗಿ ಹಿಡಿಯುತ್ತವೆ, ಸಾಕಾದರೆ ಕೊಂಬೆ ಮೇಲೆ ಬಿಟ್ಟು ಹೋಗುತ್ತವೆ. ತಾಯಿಗೆ ಮೇಯಲು ಪುರುಸೊತ್ತು, ಹುಡುಗಿಗೆ ಅಭ್ಯಾಸ, ಮರಿಗೆ ಸ್ವಲ್ಪ ಅಪಾಯ.

ಪೆಟ್ಟಿಗೆಜೇನು

ಶಿರಸಿ ಕಡೆಯವನು. ತುಡುವೆ ಜೇನು ಸಾಕುತ್ತೇನೆ. ತ್ಯಾಗ ಅಂದರೆ ನಮ್ಮ ಕೆಲಸಗಾರ ನೊಣ ನೋಡಬೇಕು. ಕುಟುಕಿದರೆ ಮುಳ್ಳಿನ ಜೊತೆ ಹೊಟ್ಟೆಯ ಒಳಗಿನದ್ದೂ ಕಿತ್ತು ಬರುತ್ತೆ, ಸಾಯುತ್ತೆ. ಮಕ್ಕಳಿಲ್ಲ ಮರಿಗಳಿಲ್ಲ, ಜೀವನವಿಡೀ ದುಡಿತ.

ಆದರೆ ನನ್ನ ಅನುಭವದ್ದೇ ಇನ್ನೊಂದು ಮುಖ ಇದೆ. ಹೋದ ಮಳೆಗಾಲ ಒಂದು ಪೆಟ್ಟಿಗೆಯಲ್ಲಿ ರಾಣಿ ಸತ್ತಿತ್ತು, ನಾನು ತಡವಾಗಿ ನೋಡಿದೆ. ಎರಿ ತೆಗೆದರೆ ಒಂದೊಂದು ಕೋಣೆಯಲ್ಲಿ ಎರಡು-ಮೂರು ಮೊಟ್ಟೆ. ಕೆಲಸಗಾರ ನೊಣಗಳೇ ಇಟ್ಟದ್ದು. ಅವು ಗಂಡು ಕೂಡಿದವಲ್ಲ, ಹಾಗಾಗಿ ಹುಟ್ಟುವುದೆಲ್ಲ ಗಂಡು ನೊಣ. ದುಡಿಯುವವರು ಇಲ್ಲದೆ ಆ ಕುಟುಂಬ ಹಾಳಾಯಿತು. ಅಂದರೆ ಮೊಟ್ಟೆ ಇಡುವ ಶಕ್ತಿ ಮೊದಲಿನಿಂದ ಇದ್ದೇ ಇತ್ತು! ರಾಣಿ ಇರುವಾಗ ಯಾಕೆ ಇಡಲಿಲ್ಲ? ಇದು ನನಗೆ ಬಹಳ ವರ್ಷದ ಪ್ರಶ್ನೆ.

ಸೋನೆಮಳೆ

ಚೆನ್ನಾಗಿ ಕೇಳಿದಿರಿ. ರಾಣಿ ಇರುವಾಗಲೂ ಒಂದಿಷ್ಟು ನೊಣಗಳು ಕದ್ದು ಇಡುತ್ತವೆ. ಆದರೆ ಪೊಲೀಸರಿದ್ದಾರೆ. ಬೇರೆ ಕೆಲಸಗಾರ ನೊಣಗಳು ಆ ಮೊಟ್ಟೆಗಳನ್ನು ಹುಡುಕಿ ತಿಂದುಹಾಕುತ್ತವೆ, ರಾಣಿಯ ಮೊಟ್ಟೆ ಮುಟ್ಟುವುದಿಲ್ಲ. ರಾಟ್ನಿಕ್ಸ್ ಮತ್ತು ವಿಶರ್ ಇದನ್ನು 1989ರಲ್ಲಿ ಯುರೋಪಿನ ಜೇನಿನಲ್ಲಿ ತೋರಿಸಿದರು. ಕಾರಣ ಮತ್ತೆ ನೆಂಟಸ್ತಿಕೆ. ರಾಣಿ ಹತ್ತಾರು ಗಂಡುಗಳ ಜೊತೆ ಕೂಡಿರುತ್ತಾಳೆ. ಪೆಟ್ಟಿಗೆಯ ಹೆಚ್ಚಿನ ನೊಣಗಳಿಗೆ ತಾಯಿ ಒಬ್ಬಳೇ, ಅಪ್ಪಂದಿರು ಬೇರೆ. ಗಂಡು ನೊಣಕ್ಕೆ ಅಪ್ಪ ಇರುವುದಿಲ್ಲ, ಹಾಗಾಗಿ ಪಾಲಿನ ಲೆಕ್ಕ ಮೇಷ್ಟ್ರು ಹೇಳಿದ್ದಕ್ಕಿಂತ ಬೇರೆ. ರಾಣಿಯ ಮಗ ಅಂದರೆ ತಮ್ಮ, ಅವನಲ್ಲಿ ನನ್ನ ಪಾಲು ಕಾಲು. ಅಪ್ಪ ಬೇರೆಯಾದ ಅಕ್ಕನ ಮಗನಲ್ಲಿ ಎಂಟನೇ ಒಂದು. ನನ್ನ ಸ್ವಂತ ಮಗನಲ್ಲಿ ಅರ್ಧ. ಅಂದರೆ ಪ್ರತಿಯೊಬ್ಬಳಿಗೂ ತಾನು ಇಡುವುದು ಲಾಭ, ಪಕ್ಕದವಳು ಇಡುವುದು ನಷ್ಟ. ಎಲ್ಲರೂ ಎಲ್ಲರನ್ನೂ ಕಾಯುತ್ತಾರೆ. ನಮಗೆ ಹೊರಗಿನಿಂದ ಒಗ್ಗಟ್ಟು ಕಾಣುತ್ತೆ.

ಪೆಟ್ಟಿಗೆಜೇನು

ನಮ್ಮ ಸಹಕಾರಿ ಸಂಘದ ಸಭೆ ನೆನಪಾಯ್ತು. (ಹೆಸರು ಹೇಳಲ್ಲ.)

ಕಿಟಕಿಸಂದಿ

ಬೆಂಗಳೂರಿಂದ. ಮೇಷ್ಟ್ರು, ಮೇಡಂ ಇಬ್ಬರೂ ನೆಂಟಸ್ತಿಕೆ ಒಂದರ ಮೇಲೆಯೇ ಸವಾರಿ ಮಾಡುತ್ತಿದ್ದೀರಿ. ನನ್ನ ತಕರಾರು ಅಲ್ಲೇ.

ನಮ್ಮೂರಲ್ಲಿ ಕಿಟಕಿ ಸಜ್ಜದ ಕೆಳಗೆ, ಮೀಟರ್ ಬಾಕ್ಸ್ ಒಳಗೆ ಕಾಗದದಂಥ ಗೂಡು ಕಟ್ಟುವ ಕಂದು ಕಣಜ ನೋಡಿರುತ್ತೀರಿ. ಅದು ರೋಪಲಿಡಿಯ ಮಾರ್ಜಿನೇಟ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಟ್ಟಲೆ ಇದೊಂದರ ಹಿಂದೆಯೇ ಬಿದ್ದಿದ್ದಾರೆ. ಒಂದೊಂದು ಕಣಜದ ಮೈಮೇಲೂ ಬಣ್ಣದ ಚುಕ್ಕಿ ಇಟ್ಟು, ಯಾರು ಯಾರನ್ನು ಕಚ್ಚಿದರು, ಯಾರು ಯಾರಿಗೆ ಉಣಿಸಿದರು ಅಂತ ಬರೆದಿಟ್ಟುಕೊಂಡು. ನನಗಂತೂ ಇಂಥ ವಿಜ್ಞಾನದ ಮೇಲೆ ಜಾಸ್ತಿ ಗೌರವ. ದೊಡ್ಡ ಯಂತ್ರ ಇಲ್ಲ, ಕಣ್ಣು ಮತ್ತು ತಾಳ್ಮೆ.

ಈ ಕಣಜದಲ್ಲಿ ರಾಣಿಗೂ ಕೆಲಸದವಳಿಗೂ ರೂಪದಲ್ಲಿ ವ್ಯತ್ಯಾಸವೇ ಇಲ್ಲ. ಯಾರು ಬೇಕಾದರೂ ಎದ್ದು ಹೋಗಿ ತನ್ನದೇ ಗೂಡು ಶುರು ಮಾಡಬಹುದು. ಆದರೂ ಹೆಚ್ಚಿನವು ಉಳಿದುಕೊಂಡು ಇನ್ನೊಬ್ಬಳ ಮಕ್ಕಳನ್ನು ಸಾಕುತ್ತವೆ. ಗಂಡಿಗೆ ಅಪ್ಪ ಇಲ್ಲದ್ದರಿಂದ ಕಣಜ, ಜೇನುಗಳಲ್ಲಿ ಅಪ್ಪನೂ ಒಬ್ಬನೇ ಆದ ಅಕ್ಕತಂಗಿಯರಿಗೆ ಮುಕ್ಕಾಲು ಪಾಲು ನೆಂಟಸ್ತಿಕೆ, ಸ್ವಂತ ಮಗಳಿಗಿಂತ ಜಾಸ್ತಿ. ಅದಕ್ಕೇ ಹೀಗೆ ಅಂತ ಬಹಳ ಜನ ಅಂದುಕೊಂಡಿದ್ದರು. ಅಳೆದು ನೋಡಿದರೆ ಇಲ್ಲಿ ಅದು ಅರ್ಧದ ಹತ್ತಿರ ಬಂತು, ಯಾಕೆಂದರೆ ರಾಣಿ ಕೂಡುವುದು ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ. ಮೇಲಾಗಿ ರಾಣಿಯರು ಬದಲಾಗುತ್ತಲೇ ಇರುತ್ತಾರೆ. ಸಾಕುತ್ತಿರುವುದು ಚಿಕ್ಕಮ್ಮನ ಮಗಳನ್ನೋ ಅಜ್ಜಿಯ ತಂಗಿಯ ಮಗಳನ್ನೋ. ಮುಕ್ಕಾಲಿನ ಕಥೆ ಠುಸ್.

ಹಾಗಾದರೆ ಯಾಕೆ ಉಳಿಯುತ್ತವೆ? ಮೊಟ್ಟೆ ದೊಡ್ಡ ಕಣಜ ಆಗಲು ಎರಡು ತಿಂಗಳ ಹತ್ತಿರ ಬೇಕು. ಕೆಲಸದ ಕಣಜ ಬದುಕುವುದು ಸರಾಸರಿ ಸುಮಾರು ಒಂದು ತಿಂಗಳು. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಪಟ್ಟ ಪಾಡೆಲ್ಲ ಸೊನ್ನೆ, ಮರಿಗಳನ್ನು ಇರುವೆ ಹೊತ್ತುಕೊಂಡು ಹೋಗುತ್ತೆ. ತುಂಬಿದ ಗೂಡಿನಲ್ಲಿ ನಾನು ಹತ್ತು ದಿನ ಉಣಿಸಿ ಸತ್ತರೂ, ಹನ್ನೊಂದನೇ ದಿನ ಇನ್ನೊಬ್ಬಳು ಅದೇ ಮರಿಗೆ ಉಣಿಸುತ್ತಾಳೆ. ನನ್ನ ಹತ್ತು ದಿನ ದಂಡವಾಗಲ್ಲ. ಗದಗ್‌ಕರ್ ಈ ವಾದವನ್ನು 1990ರಲ್ಲಿ ಮುಂದಿಟ್ಟರು. ಇಲ್ಲಿ ತೂಕ ಬಿದ್ದಿರುವುದು ನೆಂಟಸ್ತಿಕೆಯ ಮೇಲಲ್ಲ, ಲಾಭ-ನಷ್ಟದ ಮೇಲೆ. ಹ್ಯಾಮಿಲ್ಟನ್ ಸೂತ್ರದಲ್ಲಿ ಮೂರು ಅಂಶಗಳಿವೆ, ಜನ ಒಂದನ್ನೇ ಹಿಡಿದುಕೊಳ್ಳುತ್ತಾರೆ.

ಇನ್ನೂ ಮಜಾ ಇದೆ. ಈ ರಾಣಿ ಗೂಡಿನಲ್ಲಿ ಅತಿ ಸಾಧು. ಅವಳನ್ನು ತೆಗೆದರೆ ನಿಮಿಷಗಳಲ್ಲಿ ಒಬ್ಬಳು ಕೆಲಸದವಳು ರೌದ್ರಾವತಾರ ತಾಳುತ್ತಾಳೆ, ಎಲ್ಲರನ್ನೂ ಕಚ್ಚುತ್ತಾಳೆ. ರಾಣಿಯನ್ನು ವಾಪಸ್ಸು ಬಿಟ್ಟರೆ ಮತ್ತೆ ತೆಪ್ಪಗೆ ಕೆಲಸ. ಬಿಡದಿದ್ದರೆ ವಾರದೊಳಗೆ ಮೊಟ್ಟೆ ಇಟ್ಟು, ತಾನೂ ಸಾಧುವಾಗುತ್ತಾಳೆ. ಮುಂದಿನ ರಾಣಿ ಯಾರು ಅಂತ ನಮಗೆ ಮೊದಲೇ ಹೇಳಲು ಆಗಲ್ಲ. ಆದರೆ ಕಣಜಗಳಿಗೆ ಗೊತ್ತಿರುವ ಹಾಗಿದೆ. ಗೂಡನ್ನು ಬಲೆಯಿಂದ ಎರಡು ಪಾಲು ಮಾಡಿ ನಡೆಸಿದ ಪ್ರಯೋಗದಲ್ಲಿ, ನಿಜವಾದ ವಾರಸುದಾರಳ ಮೇಲೆ ಯಾರೂ ತಿರುಗಿ ಬೀಳಲಿಲ್ಲ. ಇದು 2008ರಲ್ಲಿ ಪ್ರಕಟವಾಯಿತು.

ಹಾಗಾಗಿ ಕೆಲಸದವಳು ತ್ಯಾಗಿನಾ, ಸರದಿ ಕಾಯುತ್ತಿರುವ ಸ್ವಾರ್ಥಿನಾ? ಒಂದೇ ಕಣಜ ಎರಡೂ ಆಗಿರುತ್ತೆ.

ಬಾಲ್ಕನಿ303

ಅಣ್ಣ, ಅದೇ ಕಣಜ ನಮ್ಮ ಬಾಲ್ಕನಿಯಲ್ಲೂ ಇದೆ. ಗೂಡು ತೆಗೆಯೋದು ಹೇಗೆ?

ಕಿಟಕಿಸಂದಿ

ತೆಗೆಯಬೇಡಿ. ಗೂಡು ಮುಟ್ಟದಿದ್ದರೆ ಅವು ನಿಮ್ಮ ತಂಟೆಗೆ ಬರಲ್ಲ. ಕುರ್ಚಿ ಹಾಕ್ಕೊಂಡು ಸ್ವಲ್ಪ ದೂರದಿಂದ ನೋಡಿ, ಸಾಯಂಕಾಲದ ಧಾರಾವಾಹಿಗಿಂತ ಚೆನ್ನಾಗಿರುತ್ತೆ.

ಕರೀಕಂಬಳಿ

ಕಾಗೆ ಒಂದಗುಳು ಕಂಡರೂ ಬಳಗವನ್ನು ಕರೆಯುತ್ತೆ ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಅದಕ್ಕೇನು ಹೇಳ್ತೀರಿ?

ಸೋನೆಮಳೆ

ನಮ್ಮ ಊರುಕಾಗೆ ಅಲ್ಲ, ಅದರ ದೊಡ್ಡ ನೆಂಟ ರೇವನ್ ಬಗ್ಗೆ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಬರ್ಂಡ್ ಹೈನ್ರಿಚ್ ಹಿಮದಲ್ಲಿ ಕೂತು ನೋಡಿದ್ದಾರೆ. ಸತ್ತ ಪ್ರಾಣಿ ಕಂಡ ಎಳೆ ರೇವನ್ ಕೂಗಿ ಕೂಗಿ ಬೇರೆಯವನ್ನು ಕರೆಯುತ್ತೆ. ಬಂದವು ಅದರ ಬಳಗದವೂ ಅಲ್ಲ. ವಿಷಯ ಏನೆಂದರೆ ಆ ಜಾಗಕ್ಕೆ ಒಡೆಯರಾದ ಒಂದು ಜೋಡಿ ಇರುತ್ತೆ, ಒಂಟಿ ಹೋದರೆ ಒದ್ದು ಓಡಿಸುತ್ತೆ. ಗುಂಪಾಗಿ ಹೋದರೆ ಆ ಜೋಡಿಯ ಆಟ ನಡೆಯಲ್ಲ. ಹಂಚಿಕೊಂಡರೆ ಮಾತ್ರ ತನಗೂ ಒಂದು ತುತ್ತು.

ಮಾಜಿಮೇಷ್ಟ್ರು

ನೆಂಟರಲ್ಲದವರಿಗೆ ಉಪಕಾರ ಮಾಡುವುದೂ ಉಂಟು. ರಕ್ತ ಕುಡಿಯುವ ಬಾವಲಿ, ನಮ್ಮಲ್ಲಿಲ್ಲ, ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ಎರಡು-ಮೂರು ರಾತ್ರಿ ಹೊಟ್ಟೆಗಿಲ್ಲದಿದ್ದರೆ ಸಾಯುತ್ತೆ. ಕೋಸ್ಟರಿಕದಲ್ಲಿ ವಿಲ್ಕಿನ್ಸನ್ 1984ರಲ್ಲಿ ತೋರಿಸಿದ ಹಾಗೆ, ಹೊಟ್ಟೆ ತುಂಬಿದ್ದು ಹಸಿದದ್ದಕ್ಕೆ ಕಕ್ಕಿ ಕೊಡುತ್ತೆ. 2013ರ ಅಧ್ಯಯನದಲ್ಲಿ ಯಾರು ಯಾರಿಗೆ ಕೊಡುತ್ತಾರೆ ಅನ್ನುವುದನ್ನು ನೆಂಟಸ್ತಿಕೆಗಿಂತ ಚೆನ್ನಾಗಿ ಹೇಳಿದ್ದು ಹಿಂದೆ ಯಾರು ಯಾರಿಗೆ ಕೊಟ್ಟಿದ್ದರು ಅನ್ನುವುದು. ಮುಯ್ಯಿ ಪುಸ್ತಕ ಇಟ್ಟ ಹಾಗೆ.

ಕಿಟಕಿಸಂದಿಯವರ ತಕರಾರು ಒಪ್ಪಿದೆ. ಮೇಷ್ಟ್ರ ಕೆಲಸ ಬಿಟ್ಟರೂ ಒಂದೇ ಉದಾಹರಣೆ ಜಗ್ಗುವ ಚಟ ಹೋಗಿಲ್ಲ.

ತಕ್ಕಡಿ

ಎಲ್ಲ ಮುಗಿದ ವಿಷಯದ ಹಾಗೆ ಮಾತಾಡ್ತಿದ್ದೀರಿ. 2010ರಲ್ಲಿ ನೋವಾಕ್, ಟಾರ್ನಿಟಾ, ಇ. ಒ. ವಿಲ್ಸನ್ ಅನ್ನುವ ವಿಜ್ಞಾನಿಗಳು ಈ ನೆಂಟಸ್ತಿಕೆ ಲೆಕ್ಕವೇ ಬೇಕಿಲ್ಲ ಅಂತ ಬರೆದಿದ್ದು ಮರೆತಿರಾ?

ಕಿಟಕಿಸಂದಿ

ಮರೆತಿಲ್ಲ. ಮರುವರ್ಷ 137 ಜನ ವಿಜ್ಞಾನಿಗಳು ಸಹಿ ಹಾಕಿ ಉತ್ತರ ಕೊಟ್ಟದ್ದೂ ನೆನಪಿದೆ. ಸಹಿ ಜಾಸ್ತಿ ಇದ್ದ ಮಾತ್ರಕ್ಕೆ ಸರಿ ಅಂತಲ್ಲ, ಆದರೆ ಸಹಿ ಹಾಕಿದವರ ವಾದ ನನಗೆ ಒಪ್ಪಿಗೆ. ಗುಂಪುಗಳ ನಡುವಿನ ಸ್ಪರ್ಧೆಯನ್ನು ಲೆಕ್ಕಕ್ಕೆ ತಂದರೂ, ಉಪಕಾರದ ಫಲ ಅದೇ ಜೀನ್ ಇರುವವರಿಗೆ ತಲುಪಬೇಕು ಅನ್ನುವುದು ಬದಲಾಗಲ್ಲ.

ತಕ್ಕಡಿ

ಆ ಕೊನೆಯ ಸಾಲಿಗೆ ನನ್ನ ತಕರಾರಿಲ್ಲ. ಅದಕ್ಕೆ ನೆಂಟಸ್ತಿಕೆ ಅಂತ ಹೆಸರಿಟ್ಟು ಎಲ್ಲವನ್ನೂ ಅದರೊಳಗೆ ತುರುಕುವುದಕ್ಕೆ ಇದೆ. ಇನ್ನೊಂದು ದಿನ ಜಗಳ ಆಡೋಣ.

ಹಿತ್ತಲಮಾವು

ತಡವಾಗಿ ಬರೆಯುತ್ತಿದ್ದೇನೆ, ಒಂದು ತಿಂಗಳೇ ಆಯ್ತು. ಅಜ್ಜಿಗೆ ನಿಮ್ಮ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಹಾಲ್ಡೇನ್ ಮಾತಿಗೆ ನಕ್ಕರು. ಕಣಜದ್ದು ಎರಡು ಸಲ ಓದಿಸಿದರು. ಜಪಾನಿನವರು ಇಲ್ಲಿ ಮಂಗನ ಹಿಂದೆ ತಿರುಗುತ್ತಿದ್ದದ್ದು ತಮಗೆ ಗೊತ್ತೇ ಇರಲಿಲ್ಲವಂತೆ, ಆಗ ಅಜ್ಜಿಗೆ ಹೊಸದಾಗಿ ಮದುವೆ.

ಎರಡು ಮರಿಗಳಲ್ಲಿ ಒಂದು ಉಳಿದಿದೆ. ತಾಯಿ ಈಗ ನೆಲಕ್ಕೇ ಇಳಿಯುವುದಿಲ್ಲ. ಮೊನ್ನೆ ಗಂಡು ನೀರಿನ ಟ್ಯಾಂಕಿನ ಮೇಲಿಂದ ಆ ಕಡೆ ಹಾರಿತು. ಕಿವಿ ಹರಿದ ಮುದುಕಿ, ಜೊತೆಗೆ ಇನ್ನೊಂದು ಹೆಣ್ಣು, ಎರಡೂ ಅಡ್ಡ ಬಂದು ಕೆಳಗಿನ ಕೊಂಬೆಯವರೆಗೆ ಅಟ್ಟಿಸಿಕೊಂಡು ಹೋದವು. ಮುದುಕಿಯ ಮುಂಗೈ ಮೇಲೆ ಹೊಸ ಗಾಯ ಇದೆ. ಅಜ್ಜಿ ಈಗ ದಿನಾ ಕಾಂಪೌಂಡ್ ಗೋಡೆ ಮೇಲೆ ಎರಡು ಬಾಳೆಹಣ್ಣು ಇಡುತ್ತಾರೆ. ಇಡಬಾರದು ಅಂತ ಹೇಳಿದರೆ ಕೇಳಲ್ಲ. ನಿನ್ನೆ ಆ ಹಣ್ಣನ್ನೂ ಗಂಡೇ ತಿಂದಿತು.